ಅವ್ವನ ಪಿನ್ನು

ಪಿನ್ನು ನಮ್ಮ ಕೇರಿಗೆ ಹೊಸದಲ್ಲ. ನಮ್ಮ ಅವ್ವಂದಿರ ತಾಳಿದಾರ ನೋಡಿ, ಕೈಬಳೆ ನೋಡಿ, ಒಂದೋ ಎರಡೋ ಪಿನ್ನು ಜೋತಾಡುತ್ತಿರುತ್ತವೆ. ದೂರದಿಂದ ನೋಡಿದವರಿಗೆ ಒಡವೆಯ ಹಾಗೆ ಕಂಡೀತು. ಆದರೆ ಅದು ಕೆಲಸದ ಸಾಮಾನು. ಕಳೆ ಕೀಳುವಾಗ ಕಾಲಿಗೆ ಹೊಕ್ಕ ಜಾಲಿಮುಳ್ಳನ್ನು ಬದುವಿನ ಮೇಲೆ ಕೂತು ತೆಗೆಯುವುದು ಅದರಲ್ಲೇ. ಹುಕ್ಕು ಕಿತ್ತುಹೋದ ರವಿಕೆಯನ್ನು ಹಿಡಿದಿಡುವುದೂ ಅದೇ. ಗುಂಡಿ ಇಲ್ಲದ ಅಂಗಿ, ಜಿಪ್ಪು ಕೆಟ್ಟ ಚಡ್ಡಿ, ಹಿಡಿ ಹರಿದ ಸ್ಕೂಲ್ ಬ್ಯಾಗು, ಕಿತ್ತುಬಂದ ಚಪ್ಪಲಿ ಉಂಗುಷ್ಟ, ಎಲ್ಲಕ್ಕೂ ಅದೇ ಮದ್ದು. ಸೂಜಿ ದಾರ ಹುಡುಕಿ, ದೀಪದ ಮುಂದೆ ಕೂತು ಹೊಲಿಯುವಷ್ಟು ಹೊತ್ತು ಕೂಲಿಯವಳಿಗೆ ಎಲ್ಲಿಂದ ಬರಬೇಕು? ಪಿನ್ನು ಚುಚ್ಚಿಕೊಂಡು ಹೊರಡುತ್ತಾಳೆ.

ನಮ್ಮ ಬದುಕಿನ ಹರುಕನ್ನೆಲ್ಲ ಹಿಡಿದು ನಿಲ್ಲಿಸಿರುವ ಈ ಪಿನ್ನಿನ ವಿಷಯದಲ್ಲಿ ನಾವು ಒಂದು ತಪ್ಪು ಮಾಡಿದೆವು. ಮಾಡಿದವರು ಊರಿನವರಲ್ಲ, ಸರ್ಕಾರದವರಲ್ಲ. ಇದೇ ಕೇರಿಯಲ್ಲಿ ಹುಟ್ಟಿ, ಇಂಥ ಪಿನ್ನು ಚುಚ್ಚಿದ ಅಂಗಿಯಲ್ಲೇ ಇಸ್ಕೂಲಿಗೆ ಹೋಗಿ ಬಂದ ನಾವೇ. ಆದ್ದರಿಂದ ಬರೆಯುತ್ತಿದ್ದೇವೆ. ಹಳ್ಳಿಯ ಮೇಷ್ಟ್ರುಗಳು, ಮೇಡಮ್ಮುಗಳು ಇದನ್ನು ಓದಬೇಕೆಂಬ ಆಸೆಯೂ ಇದೆ.

ನಾವು ಮೂವರು. ಒಬ್ಬರು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ. ಒಬ್ಬರು ಬಿ.ಎಡ್. ಮುಗಿಸಿ ಕರೆ ಬರುತ್ತದೆಂದು ಕಾಯುತ್ತಿರುವವರು. ಇನ್ನೊಬ್ಬರು ಟೌನಿನಲ್ಲಿ ವೈರಿಂಗ್ ಕೆಲಸದವರು. ಕೇರಿಯ ಅಂಬೇಡ್ಕರ್ ಭವನದಲ್ಲಿ ರಾತ್ರಿ ಏಳರಿಂದ ಒಂಬತ್ತರವರೆಗೆ ಮಕ್ಕಳನ್ನು ಕೂರಿಸಿಕೊಂಡು ಓದಿಸುತ್ತೇವೆ. ಮೂರನೇ ಕ್ಲಾಸಿನಿಂದ ಎಂಟನೇ ಕ್ಲಾಸಿನವರೆಗೆ ಇಪ್ಪತ್ತು ಮಕ್ಕಳು. ಮಳೆ ಬಂದರೆ ಒಂದು ಮೂಲೆ ಸೋರುತ್ತದೆ. ಆ ಮೂಲೆ ಬಿಟ್ಟು ಕೂರುತ್ತೇವೆ.

ಇದು ನಡೆದದ್ದು 2022ರ ಆಗಸ್ಟಿನಲ್ಲಿ. ಸ್ವಾತಂತ್ರ್ಯ ಬಂದು 75 ವರ್ಷವಾಯಿತೆಂದು ಅಮೃತ ಮಹೋತ್ಸವದ ಸಡಗರ. ಆಗಸ್ಟ್ 13ರಿಂದ 15ರವರೆಗೆ ಮನೆ ಮನೆಯ ಮೇಲೂ ಬಾವುಟ ಹಾರಿಸಿ ಎಂದು ಸರ್ಕಾರ ಕರೆ ಕೊಟ್ಟಿತ್ತು. ಅಂಚೆ ಕಚೇರಿಯಲ್ಲಿ ಒಂದು ಬಾವುಟಕ್ಕೆ 25 ರೂಪಾಯಿ. ಮನೆ ಇದ್ದವರು ಮನೆ ಮೇಲೆ ಹಾರಿಸಲಿ, ನಮ್ಮಲ್ಲಿ ಒಂದು ಗೋಡೆಗೆ ಎರಡು ಸಂಸಾರ ಒರಗಿಕೊಂಡಿವೆ, ಬಾವುಟ ಯಾವ ಮನೆ ಲೆಕ್ಕಕ್ಕೆ ಎಂದು ಕೇರಿಯ ಜಗಲಿ ಮೇಲೆ ಹಿರಿಯರು ತಮಾಷೆ ಮಾಡುತ್ತಿದ್ದರು. ಅದೇ ವಾರ ಮಕ್ಕಳು ಶಾಲೆಯಿಂದ ಒಂದು ಮಾತು ಹೊತ್ತು ತಂದರು: ಹದಿನೈದನೇ ತಾರೀಕು ಎಲ್ಲರೂ ಎದೆಗೆ ಬಾವುಟದ ಬ್ಯಾಡ್ಜು ಹಾಕಿಕೊಂಡು ಬರಬೇಕು, ಮನೆಯಿಂದ ತರಬೇಕು.

ಟೌನಿನ ಫ್ಯಾನ್ಸಿ ಸ್ಟೋರುಗಳ ಮುಂದೆ ಬ್ಯಾಡ್ಜುಗಳನ್ನು ತೋರಣದ ಹಾಗೆ ತೂಗುಹಾಕಿದ್ದರು. ಹೊಳೆಯುವ ಪ್ಲಾಸ್ಟಿಕ್ಕು. ಹಿಂದಿನ ವರ್ಷಗಳಲ್ಲಿ ಅವುಗಳ ಗತಿ ಏನಾಯಿತೆಂದು ನಾವು ಕಂಡಿದ್ದೇವೆ. ಹದಿನಾರನೇ ತಾರೀಕು ಶಾಲೆಯ ಹಿಂದಿನ ಚರಂಡಿಯಲ್ಲಿ ಬಿಸ್ಕೆಟ್ ಕಾಗದದ ಜೊತೆ ಬಿದ್ದಿರುತ್ತಿದ್ದವು. ಪ್ಲಾಸ್ಟಿಕ್ ಬಾವುಟ ಬೇಡ, ಕಾಗದದ ಬಾವುಟವನ್ನೂ ನೆಲಕ್ಕೆ ಬಿಸಾಡಬೇಡಿ ಎಂದು ಕೇಂದ್ರದ ಗೃಹ ಸಚಿವಾಲಯ ರಾಜ್ಯಗಳಿಗೆ ಬರೆಯುತ್ತಲೇ ಬಂದಿದೆ. ಬರೆದದ್ದು ಕಚೇರಿಯ ಫೈಲಿಗೆ ಹೋಗುತ್ತದೆ, ಬಾವುಟ ಚರಂಡಿಗೆ ಹೋಗುತ್ತದೆ. ಮಾರನೆಯ ಬೆಳಿಗ್ಗೆ ಆ ಚರಂಡಿಗೆ ಇಳಿಯುವವರು ಯಾರೆಂದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ.

ಬ್ಯಾಡ್ಜು ನಾವೇ ಮಾಡಿಸೋಣ ಎಂದು ಅತಿಥಿ ಶಿಕ್ಷಕಿ ಹೇಳಿದರು. ಡಿ.ಎಡ್. ಓದುವಾಗ ಕಾರ್ಯಾನುಭವದ ಪಿರಿಯಡ್ಡಿನಲ್ಲಿ ಪಿನ್ನಿಗೆ ಮಣಿ ಪೋಣಿಸುವುದನ್ನು ಅವರು ಕಲಿತಿದ್ದರು. ವೈರಿಂಗಿನವರು ಒಪ್ಪಲಿಲ್ಲ. ‘ಯಾವ ಸ್ವಾತಂತ್ರ್ಯ? ಸತ್ತೋರ್ನ ಹೂಳಕ್ಕೆ ದಾರಿ ಕೊಡಿ ಅಂತ ತಾಲೂಕಾಫೀಸಿಗೆ ಅಲ್ದು ಅಲ್ದು ನಮ್ ಚಪ್ಲಿ ಸವ್ದೋಯ್ತು. ಈಗ ಮಕ್ಳ ಎದೆ ಮೇಲೆ ಬಾವುಟ ಚುಚ್ಚಿ ನಾವೂ ಕುಣೀಬೇಕಾ?’ ಎಂದರು. ಆ ಮಾತು ಸುಳ್ಳಲ್ಲ. ನಮ್ಮ ಮೂವರಲ್ಲಿ ಯಾರಿಗೂ ಅದಕ್ಕೆ ಸಲೀಸಾದ ಉತ್ತರ ಸಿಗಲಿಲ್ಲ. ಕೊನೆಗೆ ಬಿ.ಎಡ್.ನವರು ಒಂದು ಮಾತಂದರು: ‘ಹಬ್ಬ ಮಾಡೋರು ಯಾರಾದ್ರೂ ಆಗ್ಲಿ, ಬಾವುಟ ಅವರಪ್ಪನ ಮನೇದಲ್ಲ. ನಮ್ ಮಕ್ಳು ದುಡ್ಡು ಕೊಟ್ಟು ಕೊಂಡ್ಕೊಂಡ್ರೆ ಅಂಗಡಿಯವ್ನದ್ದು. ಕೈಯಾರೆ ಮಾಡ್ಕೊಂಡ್ರೆ ಅವರದ್ದು.’ ಅಷ್ಟಕ್ಕೆ ಜಗಳ ನಿಂತಿತು.

ಬಾವುಟ ಕೈಯಾರೆ ಮಾಡುವ ಮಾತು ಬಂದಾಗ ಮಕ್ಕಳಿಗೆ ನಮ್ಮ ನಾಡಿನದೇ ಕಥೆ ಹೇಳಿದೆವು. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರ ನವೆಂಬರ್ 1ರಂದು ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ. ಕಚೇರಿಗಳ ಮೇಲೆ ಹಾರುವ ಪ್ರಮಾಣಿತ ಖಾದಿ ಬಾವುಟಗಳು ಅಲ್ಲಿ ಸಿದ್ಧವಾಗುತ್ತವೆ. ಬಟ್ಟೆ ನೇಯುವುದು ಧಾರವಾಡದ ಗರಗದಲ್ಲಿ, ಬಾಗಲಕೋಟೆಯ ತುಳಸಿಗೇರಿಯಲ್ಲಿ. ನೂಲುವವರಲ್ಲಿ, ನೇಯುವವರಲ್ಲಿ, ಹೊಲಿಯುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಅಗಲಕ್ಕೂ ಎತ್ತರಕ್ಕೂ 3ಕ್ಕೆ 2ರ ಅಳತೆ ತಪ್ಪುವಂತಿಲ್ಲ, ಚಕ್ರಕ್ಕೆ 24 ಕಡ್ಡಿ. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆಯನ್ನು ತಿದ್ದಿ, ಮಿಷನ್ನಿನಲ್ಲಿ ಮಾಡಿದ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಕೊಟ್ಟರು. ಬೆಂಗೇರಿಯವರು 2022ರಲ್ಲಿ ಅದನ್ನು ವಿರೋಧಿಸಿ ಪ್ರತಿಭಟನೆಗೆ ಕೂತರು. ದೇಶಪ್ರೇಮ ಜೋರಾದ ವರ್ಷದಲ್ಲೇ ಬಾವುಟ ನೂಲುವವಳು ಕೆಲಸಕ್ಕೆ ಅಂಜಬೇಕಾಯಿತು. ಒಬ್ಬ ಹುಡುಗ ಕೇಳಿದ: ‘ಹಂಗಾರೆ ಅವ್ರಿಗೆ ಎಷ್ಟು ಕೂಲಿ ಸಿಕ್ತದೆ?’ ಕೂಲಿ ಮನೆಯ ಮಗ ಮೊದಲು ಕೇಳುವುದು ಅದನ್ನೇ.

ಲೆಕ್ಕ ಹಾಕಿದೆವು. ಒಂದು ಬ್ಯಾಡ್ಜಿಗೆ ಏಳು ಸಣ್ಣ ಪಿನ್ನು, ಅವನ್ನು ತೂಗುಹಾಕಲು ಒಂದು ದೊಡ್ಡ ಪಿನ್ನು. ಒಂದೊಂದು ಸಣ್ಣ ಪಿನ್ನಿಗೆ ಒಂಬತ್ತು ಮಣಿ: ಮೂರು ಕೇಸರಿ, ಮೂರು ಬಿಳಿ, ಮೂರು ಹಸಿರು. ನಡುವಿನ ಪಿನ್ನಿನಲ್ಲಿ ಮಾತ್ರ ಎರಡು ಬಿಳಿಯ ಮಧ್ಯೆ ಒಂದು ನೀಲಿ. ಒಟ್ಟು 63 ಮಣಿ: 21 ಕೇಸರಿ, 21 ಹಸಿರು, 20 ಬಿಳಿ, 1 ನೀಲಿ. ಇಪ್ಪತ್ತು ಮಕ್ಕಳಿಗೆ ಎಷ್ಟಾಯಿತು ಎಂದು ಹಲಗೆ ಮೇಲೆ ಗುಣಿಸಲು ಹೇಳಿದೆವು. ಶಾಲೆಯ ಗಣಿತದ ಪುಸ್ತಕ ಕಂಡರೆ ಓಡುವ ಹುಡುಗನೇ 1,260 ಎಂದು ಮೊದಲು ಕೂಗಿದ.

ಮೂವರೂ ನೂರು ನೂರು ಹಾಕಿದೆವು. ಸಂತೆಯ ಬಳೆ ಅಂಗಡಿಯಲ್ಲಿ ಸಣ್ಣ ಪಿನ್ನು ಡಜನ್ನಿಗೆ 10 ರೂಪಾಯಿ. 12 ಡಜನ್ನಿಗೆ 120. ಸಾಸಿವೆಗಿಂತ ತುಸು ದಪ್ಪದ ಗಾಜಿನ ಮಣಿ ಪೊಟ್ಟಣಕ್ಕೆ 20 ರೂಪಾಯಿ, ಏಳು ಪೊಟ್ಟಣಕ್ಕೆ 140. ಉಳಿದದ್ದು 40. ದೊಡ್ಡ ಪಿನ್ನು ಡಜನ್ನಿಗೆ 15 ಎಂದು ಅಂಗಡಿಯವಳು ಹೇಳಿದಳು. ‘ದೊಡ್ಡ ಪಿನ್ನು ಎಲ್ಲರ ಮನೇಲೂ ಇರ್ತದೆ, ಮಕ್ಳು ಒಂದೊಂದು ತರ್ತಾರೆ ಬುಡು’ ಎಂದು ನಾವು ನಾವೇ ಹೇಳಿಕೊಂಡೆವು. ಉಳಿದ 40 ರೂಪಾಯಿಗೆ ಮಕ್ಕಳಿಗೆಂದು ಕಡಲೆಪುರಿ ಕೊಂಡೆವು. ಆ ರಾತ್ರಿ ಮಕ್ಕಳಿಗೆ ಹೇಳಿದೆವು: ನಾಳೆ ಒಬ್ಬೊಬ್ಬರೂ ಒಂದೊಂದು ದೊಡ್ಡ ಪಿನ್ನು ಮನೆಯಿಂದ ತನ್ನಿ.

ನಮ್ಮ ತಪ್ಪು ಇಲ್ಲೇ ಇದೆ. ಆಗ ನಮಗೆ ಹೊಳೆಯಲಿಲ್ಲ.

ಕೆಲಸ ಹಿಡಿದ ಮೊದಲ ರಾತ್ರಿ ಕರೆಂಟು ಹೋಯಿತು. ಎರಡು ಮೊಬೈಲಿನ ಬೆಳಕಿನಲ್ಲಿ ತಟ್ಟೆಗಳಲ್ಲಿ ಮಣಿ ಸುರಿದು ಕೂತೆವು. ಪಿನ್ನನ್ನು ಬಿಚ್ಚಿ, ಮೊನೆಯ ಕಡೆಯಿಂದ ಒಂದೊಂದೇ ಮಣಿ ಇಳಿಸಬೇಕು. ಮೊದಲು ಹಾಕಿದ ಮಣಿ ಸುರುಳಿಯ ಬುಡಕ್ಕೆ ಹೋಗಿ ಕೂರುತ್ತದೆ. ಸಣ್ಣ ಪಿನ್ನು ತೂಗುವುದು ಆ ಸುರುಳಿಯ ಕಣ್ಣಿನಿಂದ, ಆದ್ದರಿಂದ ಸುರುಳಿಯ ಕಡೆ ಮೇಲಾಗುತ್ತದೆ. ಹೀಗಾಗಿ ಮೊದಲು ಕೇಸರಿ, ಆಮೇಲೆ ಬಿಳಿ, ಕೊನೆಗೆ ಹಸಿರು. ಒಂಬತ್ತು ಮಣಿ ಇಳಿದ ಮೇಲೆ ಪಿನ್ನು ಮುಚ್ಚುವುದು. ಇಂಥ ಏಳು ಪಿನ್ನಾದ ಮೇಲೆ ಅವುಗಳ ಸುರುಳಿಯ ಕಣ್ಣಿಗೆ ದೊಡ್ಡ ಪಿನ್ನಿನ ಮೊನೆ ತೂರಿಸಿ, ಒಂದೊಂದನ್ನೇ ತಳ್ಳಿಕೊಂಡು ಹೋಗಿ, ದೊಡ್ಡ ಪಿನ್ನಿನ ಸುರುಳಿಯನ್ನು ಸುತ್ತಿಸಿ ಆಚೆ ಕಡೆಯ ಗಟ್ಟಿ ಕಾಲಿಗೆ ದಾಟಿಸಬೇಕು. ಆಗ ಬಟ್ಟೆಗೆ ಚುಚ್ಚುವ ಕಾಲು ಖಾಲಿ ಉಳಿಯುತ್ತದೆ. ಸುರುಳಿ ಬಿಗಿ ಇರುವುದರಿಂದ ಮಕ್ಕಳ ಕೈಗೆ ಅದು ಆಗದ ಕೆಲಸ. ಬಾವುಟ ಬೇಡವೆಂದ ವೈರಿಂಗಿನವರೇ ಕಟಿಂಗ್ ಪ್ಲೇಯರ್ ಹಿಡಿದು ಇಪ್ಪತ್ತೂ ಸುರುಳಿಗಳನ್ನು ತುಸು ಸಡಿಲ ಮಾಡಿಕೊಟ್ಟರು.

ಪಿನ್ನು ಕಂಡುಹಿಡಿದವನು ಯಾರು ಎಂದು ಒಬ್ಬಳು ಕೇಳಿದಳು. ಅಮೆರಿಕದ ನ್ಯೂಯಾರ್ಕಿನ ವಾಲ್ಟರ್ ಹಂಟ್ ಎಂಬಾತ 1849ರಲ್ಲಿ ಇದಕ್ಕೆ ಪೇಟೆಂಟ್ ಪಡೆದ, ಕೈಮೇಲಿದ್ದ ಸಾಲ ತೀರಿಸಬೇಕೆಂದು ಆ ಹಕ್ಕನ್ನು 400 ಡಾಲರಿಗೆ ಮಾರಿಬಿಟ್ಟ ಎನ್ನುತ್ತಾರೆ, ಆಮೇಲೆ ಅದರಿಂದ ಹಣ ಮಾಡಿದವರು ಬೇರೆಯವರು ಎಂದೆವು. ‘ಅವ್ನೂ ಸಾಲಗಾರ್ನಾ!’ ಎಂದು ಮಕ್ಕಳೆಲ್ಲ ನಕ್ಕರು. ಅಮೆರಿಕದವನೊಬ್ಬ ಅವರಿಗೆ ಅಷ್ಟು ಹತ್ತಿರದವನಾದದ್ದು ಅದೇ ಮೊದಲು.

ಭವನದ ಬಾಗಿಲಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದ ಒಬ್ಬ ಅಜ್ಜಿ ಮಣಿಗಳ ತಟ್ಟೆಗೆ ಕೈಯಾಡಿಸಿ ಹೇಳಿತು: ‘ನಮ್ ಕಾಲ್ದಲ್ಲಿ ಕರಿಮಣಿ ಒಂದು ಬುಟ್ರೆ ಇನ್ನೊಂದು ಬಣ್ದ ಮಣಿ ನಂ ಕುತ್ಗೆಗೆ ಬಿದ್ದಿಲ್ಲ ಮಗಾ. ಒಂದ್ಸಲ ಜಾತ್ರೇಲಿ ಕೆಂಪ್ ಮಣಿ ಸರ ತಕ್ಕಂಡು ಹಾಕ್ಕಂಡು ಊರೊಳಕ್ಕೆ ನೀರು ಕೇಳಕ್ಕೆ ಹೋದೆ. “ಏನಮ್ಮೀ, ಮದ್ವೆನಾ?” ಅಂತ ಜಗ್ಲಿ ಮೇಲ್ ಕೂತಿದ್ದೋರೆಲ್ಲ ನಗಾಡುದ್ರು. ಮನೆಗ್ ಬಂದು ಬಿಚ್ಚಿ ಮಡಕೇಲಿ ಹಾಕ್ಬುಟ್ಟೆ.’ ಹೊಡೆಯಲಿಲ್ಲ, ಬಯ್ಯಲಿಲ್ಲ. ನಕ್ಕರು ಅಷ್ಟೆ. ಆ ಸರ ಮತ್ತೆ ಮಡಕೆಯಿಂದ ಹೊರಗೆ ಬರಲಿಲ್ಲ.

ಅಜ್ಜಿಯ ಮಾತು ಕೇಳಿ ನಮಗೆ ನೆನಪಾದ ಎರಡು ಸಂಗತಿಗಳನ್ನು ಮಕ್ಕಳಿಗೆ ಹೇಳಿದೆವು. ನಮ್ಮ ಪಕ್ಕದ ಕೇರಳದಲ್ಲಿ ಪುಲಯರ ಹೆಂಗಸರು ಕಲ್ಲುಮಣಿಯ ಸರವನ್ನೇ ಹಾಕಿಕೊಳ್ಳಬೇಕೆಂಬ ಕಟ್ಟಳೆ ಇತ್ತು. ಕಲ್ಲುಮಾಲೆ ನೋಡಿದೊಡನೆ ಇವಳು ಇಂಥ ಜಾತಿ ಎಂದು ಗೊತ್ತಾಗಬೇಕು, ಅದಕ್ಕೆ. ಅಯ್ಯನ್‌ಕಾಳಿಯವರು ಅದನ್ನು ಕಿತ್ತೆಸೆಯಿರಿ ಎಂದು ಕರೆಕೊಟ್ಟರು. 1915ರಲ್ಲಿ ಕೊಲ್ಲಂ ಸೀಮೆಯ ಪೆರಿನಾಡಿನಲ್ಲಿ ಅದಕ್ಕಾಗಿ ಗಲಭೆ ನಡೆದು ನಮ್ಮಂಥವರ ಗುಡಿಸಲುಗಳು ಉರಿದವು. ಅದೇ ವರ್ಷದ ಕೊನೆಗೆ ಕೊಲ್ಲಂನಲ್ಲಿ ಸೇರಿದ ಸಭೆಯಲ್ಲಿ ಹೆಂಗಸರು ಕತ್ತಿನ ಕಲ್ಲುಮಾಲೆ ಕೊಯ್ದು ಎಸೆದರು. ಇನ್ನೊಂದು ಮಹಾಡಿನದು. 1927ರ ಡಿಸೆಂಬರಿನಲ್ಲಿ ಬಾಬಾಸಾಹೇಬರು ಹೆಂಗಸರಿಗೇ ಬೇರೆಯಾಗಿ ಮಾತಾಡಿ, ಜಾತಿಯ ಗುರುತು ಹೇಳುವ ಉಡಿಗೆ ಬಿಡಿ, ಮೈಮೇಲೆ ಹೇರಿಕೊಂಡ ಆ ಒರಟು ಒಡವೆಗಳನ್ನು ಬಿಡಿ ಎಂದು ಹೇಳಿದರು. ಹೆಂಗಸರು ಅಲ್ಲೇ ಸೀರೆ ಉಡುವ ಬಗೆ ಬದಲಿಸಿದರು.

ಹಾಗಾದರೆ ಮಣಿ ಹಾಕಿಕೊಳ್ಳಬೇಕೋ ಬಿಸಾಡಬೇಕೋ ಎಂದು ಮಕ್ಕಳು ತಬ್ಬಿಬ್ಬಾದರು. ಹಾಕ್ಕೋ ಎಂದು ಇನ್ನೊಬ್ಬ ಹೇರಿದ್ದನ್ನು ಬಿಸಾಡುವುದು, ಹಾಕ್ಕೋಬೇಡ ಎಂದು ಇನ್ನೊಬ್ಬ ಕಿತ್ತುಕೊಂಡದ್ದನ್ನು ಹಾಕಿಕೊಳ್ಳುವುದು ಎಂದು ಅತಿಥಿ ಶಿಕ್ಷಕಿ ಹೇಳಿದರು. ಅಜ್ಜಿ ಎದ್ದು ಮನೆಗೆ ಹೋಯಿತು.

ನೀಲಿ ಮಣಿಯ ವಿಷಯ ಎರಡನೆಯ ರಾತ್ರಿ ಬಂತು. ‘ನೀಲಿ ಒಂದೇನಾ ಅಣ್ಣಾ? ನಮ್ದು ಒಂದೇ ಮಣಿನಾ?’ ಎಂದು ಎಂಟನೇ ಕ್ಲಾಸಿನ ಹುಡುಗ ಕೇಳಿದ. ಏಪ್ರಿಲ್ 14ರಂದು ಕೇರಿಗೆಲ್ಲ ನೀಲಿ ಬಾವುಟ ಕಟ್ಟುವವನು ಅವನು. 63ರಲ್ಲಿ ಒಂದು ಅವನ ಕಣ್ಣಿಗೆ ತೀರಾ ಕಮ್ಮಿ ಕಂಡಿತು. ಚರಿತ್ರೆ ಹೇಳಿದೆವು. 1947ರ ಜೂನಿನಲ್ಲಿ ಬಾವುಟ ಹೇಗಿರಬೇಕೆಂದು ತೀರ್ಮಾನಿಸಲು ರಾಜೇಂದ್ರ ಪ್ರಸಾದರ ಅಧ್ಯಕ್ಷತೆಯಲ್ಲಿ ಸಮಿತಿ ಆಯಿತು. ಅದರಲ್ಲಿ ಬಾಬಾಸಾಹೇಬರೂ ಇದ್ದರು. ಕಾಂಗ್ರೆಸ್ಸಿನ ಬಾವುಟದಲ್ಲಿದ್ದ ಚರಕ ಹೋಗಿ ಸಾರನಾಥದ ಅಶೋಕನ ಕಂಬದ ಚಕ್ರ ಬಂತು. ಜುಲೈ 22ರಂದು ಸಂವಿಧಾನ ಸಭೆ ಅದನ್ನು ಒಪ್ಪಿತು. ಬುದ್ಧನು ಮೊದಲು ಧರ್ಮ ಹೇಳಿದ ಜಾಗದ ಚಕ್ರ ಅದು. ಹುಡುಗ ಸುಮ್ಮನಾಗಲಿಲ್ಲ. ‘ಆದ್ರೂ ಒಂದೇ’ ಎಂದ. ಪಕ್ಕದಲ್ಲಿದ್ದ ಆರನೇ ಕ್ಲಾಸಿನ ಹುಡುಗಿ ನೀಲಿ ಮಣಿಯನ್ನು ಬೆರಳ ತುದಿಯಲ್ಲಿ ಹಿಡಿದು ನೋಡುತ್ತಾ, ‘ಇದ್ ಬಿದ್ದೋದ್ರೆ ಬರೀ ಮೂರ್ ಪಟ್ಟೆ ಆಯ್ತದೆ ಕನ್ಲಾ’ ಎಂದಳು.

ಅವಳ ಮಾತಿಗೆ ನಾವು ತಲೆದೂಗಿದೆವು. ಆದರೆ ಹುಡುಗನ ಮಾತನ್ನೂ ಬಿಡಲಾಗುವುದಿಲ್ಲ. ನಡುವೆ ಕೂರಿಸಿ ಗೌರವ ಕೊಟ್ಟಿದ್ದೇವೆ ಎನ್ನುತ್ತಾರೆ, ಲೆಕ್ಕ ಕೇಳಿದರೆ ಒಂದೇ ಮಣಿ ತೋರಿಸುತ್ತಾರೆ. ಫೋಟೋಗೆ ಹಾರ ಹಾಕುವ ಕೈಯೇ ಜಮೀನು ಮಂಜೂರಾತಿಯ ಅರ್ಜಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತದೆ. ಹುಡುಗ ಆ ಲೆಕ್ಕ ಕೇಳುತ್ತಲೇ ಇರಲಿ.

ಮೂರನೆಯ ರಾತ್ರಿ, 14ನೇ ತಾರೀಕು ಭಾನುವಾರ, ಬ್ಯಾಡ್ಜುಗಳು ಮುಗಿದವು. ನಾಲ್ಕು ಮಕ್ಕಳು ಹಸಿರಿನಿಂದ ಶುರುಮಾಡಿ ಬಾವುಟವನ್ನು ತಲೆಕೆಳಗು ಮಾಡಿದ್ದರು. ಬಿಚ್ಚಿಸಿ ಮತ್ತೆ ಮಾಡಿಸಿದೆವು. ಕೇಸರಿ ಕೆಳಗಾಗುವಂತೆ ಬಾವುಟ ತೋರಿಸುವುದು 1971ರ ಕಾಯಿದೆಯ ಪ್ರಕಾರ ತಪ್ಪು ಎಂದು ತಿಳಿಸಿದೆವು. ನೆಲಕ್ಕೆ, ನೀರಿಗೆ ಬಿಡಬಾರದು. ಉಡುಪಿನಲ್ಲಿ ಬಳಸಿದರೆ ಸೊಂಟದ ಕೆಳಗೆ ಇರಬಾರದು ಎಂದು 2005ರಲ್ಲಿ ಸೇರಿಸಿದರು. ಇಷ್ಟೆಲ್ಲ ಬಿಗಿಯಾಗಿ ಹೇಳಿದ್ದಕ್ಕೆ ಕಾರಣ ಇದೆ. ಊರಿನ ಮಗು ತಪ್ಪು ಮಾಡಿದರೆ ಮಗು ತಪ್ಪು ಮಾಡಿತು ಎನ್ನುತ್ತಾರೆ. ನಮ್ಮ ಮಗು ಮಾಡಿದರೆ ‘ಈ ಜನಕ್ಕೆ ಏನ್ ಗೊತ್ತು’ ಎನ್ನುತ್ತಾರೆ. ಮಕ್ಕಳು ಬ್ಯಾಡ್ಜುಗಳನ್ನು ಅಂಗಿಗೆ ಹಚ್ಚಿಕೊಂಡು, ಬಿಚ್ಚಲು ಮನಸ್ಸಿಲ್ಲದೆ ಹಾಗೇ ಮಲಗಲು ಹೋದರು.

15ನೇ ತಾರೀಕು ಸೋಮವಾರ. ಬೆಳಿಗ್ಗೆ ಆರೂವರೆ. ತುಂತುರು ಹನಿಯುತ್ತಿತ್ತು. ಭವನದ ಮುಂದೆ ಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದೆವು. ನೀಲಿ ಮಣಿ ನೋಡಿ ಮಾತಾಡಿದ ಆ ಆರನೇ ಕ್ಲಾಸಿನ ಹುಡುಗಿಯ ಅವ್ವ ಬಂದರು. ಸೆರಗಿನೊಳಗೆ ಒಂದು ಕೈ ಎದೆಗೆ ಹಿಡಿದುಕೊಂಡಿದ್ದರು. ಮೊದಲು ಏನೂ ಹೇಳದೆ ನಿಂತರು. ಆಮೇಲೆ ಹೇಳಿದರು: ‘ನಮ್ ಮಗ ಒಂದು ದೊಡ್ ಪಿನ್ನು ನಿಮ್ಗೆ ತಂದ್ಕೊಟ್ಳಂತಲ್ರಪ್ಪಾ. ಅದು ವಸಿ ಬೇಕಾಗಿತ್ತು. ನಾಟಿಗೆ ಹೋಗ್ಬೇಕು, ಆಳ್ನ ಆಟೋ ಬಂದ್ಬುಟ್ಟದೆ.’

‘ಇನ್ನೊಂದು ಪಿನ್ನು ಇಲ್ವಾ ಅಕ್ಕಾ?’ ಎಂದು ನಮ್ಮಲ್ಲೊಬ್ಬರು ಕೇಳಿಬಿಟ್ಟರು. ಆ ಪ್ರಶ್ನೆ ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

‘ಇನ್ನೊಂದು ಚಿಕ್ ಮಗೀನ ಚಡ್ಡಿಗೆ ಹಾಕಿವ್ನಿ’ ಎಂದರು.

ರವಿಕೆಯ ಹುಕ್ಕುಗಳು ಯಾವತ್ತೋ ಹೋಗಿದ್ದವು. ಅದನ್ನು ಹಿಡಿದಿದ್ದದ್ದು ಆ ಒಂದು ಪಿನ್ನು. ‘ಮನೆಯಿಂದ ತನ್ನಿ’ ಎಂದು ನಾವು ಹೇಳಿದ ರಾತ್ರಿ, ಅವ್ವ ಮಲಗಿದ ಮೇಲೆ ಹುಡುಗಿ ಅದನ್ನು ತೆಗೆದುಕೊಂಡು ಬಂದಿದ್ದಳು. ನಡುವಿನ ಎರಡು ದಿನ ಅವ್ವ ಸೀರೆಯನ್ನೇ ಬಿಗಿಯಾಗಿ ಸುತ್ತಿಕೊಂಡು ಮನೆಯ ಹತ್ತಿರ ಓಡಾಡಿದ್ದರು. ಮಗಳನ್ನು ಬಯ್ದಿರಲಿಲ್ಲ, ಮಗಳಿಗೆ ಬಾವುಟ ಬೇಕಲ್ಲ ಎಂದು ಸುಮ್ಮನಿದ್ದರು. ಈಗ ಕೆಲಸ ಬಂದಿತ್ತು. ಕೆಸರುಗದ್ದೆಯಲ್ಲಿ ಇಡೀ ದಿನ ಬಗ್ಗಿ ಪೈರು ನೆಡುವ ಕೆಲಸ. ಬದುವಿನ ಮೇಲೆ ಗಂಡಸರು ನಿಂತಿರುತ್ತಾರೆ. ಪಿನ್ನಿಲ್ಲದೆ ಹೇಗೆ ಬಗ್ಗುವುದು?

ಸ್ವಾತಂತ್ರ್ಯದ ದಿನ ಏನು ಕೂಲಿ ಎಂದು ಕೇಳುವವರು ಇರಬಹುದು. ಕಾರ್ಖಾನೆ, ಅಂಗಡಿಗಳಲ್ಲಿ ದುಡಿಯುವವರಿಗೆ ಆಗಸ್ಟ್ 15ರ ಸಂಬಳದ ರಜೆಯನ್ನು ನಮ್ಮ ರಾಜ್ಯದಲ್ಲಿ 1963ರ ಕಾಯಿದೆಯೇ ಕೊಟ್ಟಿತು. ಗದ್ದೆಯ ಕೂಲಿಯವಳು ಆ ಕಾಯಿದೆಯ ಆಚೆ. ಪೈರು ಬಲಿತರೆ ನಾಟಿ ಕೆಡುತ್ತದೆ, ಅದಕ್ಕೆ 15 ಆಗಲಿ 16 ಆಗಲಿ ಒಂದೇ. ಹೋಗದಿದ್ದರೆ ಆ ದಿನದ ಕೂಲಿ ಇಲ್ಲ, ನಾಳೆಯಿಂದ ಆ ಗುಂಪಿಗೆ ಕರೆಯೂ ಇಲ್ಲ.

ಹುಡುಗಿಯನ್ನು ಕರೆಸಿದೆವು. ಬಂದಳು, ಬ್ಯಾಡ್ಜನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ದೊಡ್ಡ ಪಿನ್ನನ್ನು ಬಿಡಿಸಬೇಕಾದರೆ ಏಳು ಸಣ್ಣ ಪಿನ್ನುಗಳನ್ನೂ ಸುರುಳಿ ಸುತ್ತಿಸಿ ವಾಪಸ್ಸು ತರಬೇಕು. ಪ್ಲೇಯರ್ ಇಟ್ಟುಕೊಂಡವರು ಅಷ್ಟರಲ್ಲಿ ಟೌನಿಗೆ ಹೋಗಿದ್ದರು. ನಮ್ಮ ಉಗುರು ಮುರಿದವೇ ಹೊರತು ಪಿನ್ನು ಸರಿಯಲಿಲ್ಲ. ಆಟೋದವನು ಹಾರನ್ ಮಾಡುತ್ತಲೇ ಇದ್ದ. ಹುಡುಗಿ ಅಳುವುದನ್ನು ತಡೆದುಕೊಂಡು ನಿಂತಿದ್ದಳು. ಬಿಡಿಸಿದರೂ ಅವಳಿಗೆ ಬ್ಯಾಡ್ಜಿಲ್ಲ, ಬಿಡಿಸದಿದ್ದರೆ ಅವ್ವನಿಗೆ ಕೆಲಸವಿಲ್ಲ. ಇಬ್ಬರ ನಡುವೆ ಈ ಪೇಚು ತಂದಿಟ್ಟವರು ನಾವು.

‘ಬುಡಿ, ಹಂಗೇ ಕೊಡಿ ಇಲ್ಲಿ’ ಎಂದರು ಅವ್ವ. ಗೋಡೆಯ ಕಡೆ ತಿರುಗಿ ನಿಂತು ರವಿಕೆಯ ಎರಡು ಅಂಚು ಸೇರಿಸಿ ಪಿನ್ನು ಚುಚ್ಚಿಕೊಂಡರು. ತಿರುಗಿದಾಗ ಏಳು ಸಣ್ಣ ಪಿನ್ನುಗಳೂ ಮುಂದೆ ಸಾಲಾಗಿ ತೂಗುತ್ತಿದ್ದವು. ಕೇಸರಿ ಮೇಲೆ, ಹಸಿರು ಕೆಳಗೆ, ನಡುವೆ ನೀಲಿ. ಮಗಳ ತಲೆ ಸವರಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿಹೋಗಿ ಆಟೋ ಹತ್ತಿದರು. ಅವರು ಓಡುವಾಗ ಪಿನ್ನುಗಳು ಕಿಣಿ ಕಿಣಿ ಎನ್ನುತ್ತಿದ್ದದ್ದು ನಮಗೆ ಕೇಳಿಸಿತು.

ಶಾಲೆಯಲ್ಲಿ ಹತ್ತೊಂಬತ್ತು ಮಕ್ಕಳ ಎದೆಯಲ್ಲಿ ಮಣಿಯ ಬಾವುಟ ಇತ್ತು, ಒಬ್ಬಳ ಎದೆ ಬರಿದಾಗಿತ್ತು. ನಿನ್ನ ಬ್ಯಾಡ್ಜೆಲ್ಲಿ ಎಂದು ಕೇಳಿದ್ದಕ್ಕೆ, ‘ನಮ್ಮವ್ವ ಹಾಕ್ಕಂಡು ಗದ್ದೆಗೆ ಹೋಗವ್ಳೆ ಸಾ’ ಎಂದಳಂತೆ. ಸಾಲಿನಲ್ಲಿದ್ದವರು ನಕ್ಕರು. ಮೇಷ್ಟ್ರು ಒಂದು ಕಾಗದದ ಬಾವುಟ, ಒಂದು ಗುಂಡುಸೂಜಿ ಹಿಡಿದು ಬಂದರು. ಒಳ್ಳೆಯ ಮನಸ್ಸಿನಿಂದಲೇ ಕೊಡಲು ಬಂದದ್ದು. ಅವಳು, ‘ಬ್ಯಾಡ ಸಾ, ನಂದು ಅದೆ’ ಎಂದು ಹಾಗೇ ನಿಂತಳು. ಈ ಮಾತು ಉಳಿದ ಮಕ್ಕಳು ಬಂದು ನಮಗೆ ಹೇಳಿದ್ದು. ಅವಳು ಹೇಳಲಿಲ್ಲ.

ಸಂಜೆ ಅವ್ವ ಭವನಕ್ಕೇ ಬಂದರು. ಮೊಣಕಾಲವರೆಗೆ ಕೆಸರು ಒಣಗಿತ್ತು. ಕೂತು, ನೀರು ಕುಡಿದು, ನಕ್ಕು ಹೇಳಿದರು: ‘ಗದ್ದೆ ಯಜಮಾನ್ರು ನೋಡ್ಬುಟ್ರು ಕನ್ರಪ್ಪಾ. “ಏನಮ್ಮೀ, ಬಾವುಟ ಹಾಕ್ಕಂಡು ಕೆಸರಿಗಿಳ್ದಿದ್ದೀಯಲ್ಲಾ, ಅದ್ಕೊಂದು ಮಾನ ಬ್ಯಾಡ್ವಾ?” ಅಂದ್ರು. ನಾನೂ ಅಂದೆ. “ಮಾನಕ್ಕೇ ಹಾಕ್ಕಂಡಿರೋದು ಯಜಮಾನ್ರೆ” ಅಂದೆ. ಹೆಂಗಸ್ರೆಲ್ಲ ನಕ್ಬುಟ್ರು. ಅವ್ರು ಅತ್ಲಾಗೆ ಹೋದ್ರು.’

ನಾವು ನಗಲೂ ಆಗದೆ ಕೂತೆವು. ಆಮೇಲೆ ಹುಡುಗಿ ಹಳೇ ಹಲ್ಲುಜ್ಜುವ ಬ್ರಷ್ಷು ತಂದು ಮಣಿಗಳ ಸಂದಿಯ ಕೆಸರನ್ನು ಒಂದೊಂದಾಗಿ ತೊಳೆದಳು. 63 ಮಣಿಯೂ ಇದ್ದವು.

ಗೆಳೆಯರೇ, ‘ಮನೆಯಿಂದ ತನ್ನಿ’ ಎಂಬ ಮಾತನ್ನು ನಮ್ಮ ಶಾಲೆಗಳಲ್ಲಿ ದಿನಕ್ಕೆ ಎಷ್ಟು ಸಲ ಹೇಳುತ್ತೇವೆ ನೋಡಿ. ಬಣ್ಣದ ಕಾಗದ ಮನೆಯಿಂದ ತನ್ನಿ, ಹೂವು ತನ್ನಿ, ಹಳೇ ಪೇಪರು ತನ್ನಿ, ಒಂದು ಲೋಟ ಅಕ್ಕಿ ತನ್ನಿ. ಹೇಳುವವರ ಮನಸ್ಸಿನಲ್ಲಿ ಒಂದು ಮನೆ ಇರುತ್ತದೆ. ಆ ಮನೆಯಲ್ಲಿ ಬಳಸಿ ಉಳಿದ ಸಾಮಾನು ಇರುತ್ತದೆ. ನಮ್ಮ ಕೇರಿಯ ಮನೆಗಳಲ್ಲಿ ಉಳಿದ ಸಾಮಾನು ಇಲ್ಲ. ಇರುವ ಒಂದೊಂದು ವಸ್ತುವೂ ಅವತ್ತಿನ ಯಾವುದೋ ಕೆಲಸದ ಮೇಲಿರುತ್ತದೆ. ಮಗು ಅದನ್ನು ತಂದರೆ ಆ ಕೆಲಸ ನಿಲ್ಲುತ್ತದೆ. ತರದಿದ್ದರೆ ಮಗು ಬೆಂಚಿನ ಮೇಲೆ ನಿಲ್ಲುತ್ತದೆ. ಇದು ತಿಳಿಯದವರು ಹೇಳಿದರೆ ತಿಳಿಸಬಹುದು. ಅದೇ ಮನೆಯಲ್ಲಿ ಹುಟ್ಟಿ, ನಾಲ್ಕಕ್ಷರ ಕಲಿತು, ಸಂತೆಯಲ್ಲಿ ನಿಂತು 30 ರೂಪಾಯಿಯ ಪಿನ್ನು ಬಿಟ್ಟು 40 ರೂಪಾಯಿಯ ಕಡಲೆಪುರಿ ಕೊಂಡ ನಾವೇ ಹೇಳಿದೆವಲ್ಲ, ಅದಕ್ಕೆ ಏನು ಹೇಳುವುದು? ಓದು ನಮ್ಮನ್ನು ಕೇರಿಯಿಂದ ಎಷ್ಟು ದೂರ ತಂದಿದೆ ಎಂದು ಆ ಬೆಳಿಗ್ಗೆ ಅಳೆದು ನೋಡಿದ ಹಾಗಾಯಿತು.

ಮಣಿಯ ಬಾವುಟ ಮಾಡಿಸುವುದನ್ನು ನಾವು ಬಿಡಲಿಲ್ಲ. ಮೇಷ್ಟ್ರುಗಳೂ ಮಾಡಿಸಲಿ ಎಂದೇ ಅಳತೆ, ಲೆಕ್ಕ ಎಲ್ಲ ಬರೆದಿದ್ದೇವೆ. ಗುಣಾಕಾರ ಬರುತ್ತದೆ, ಚರಿತ್ರೆ ಬರುತ್ತದೆ, ಮಕ್ಕಳ ಬೆರಳಿಗೆ ಹದ ಬರುತ್ತದೆ, ಬಾವುಟ ಚರಂಡಿಗೆ ಹೋಗುವುದಿಲ್ಲ. ಕೊಳ್ಳುವಾಗ ದೊಡ್ಡ ಪಿನ್ನನ್ನು ಮೊದಲು ಕೊಳ್ಳಿ, ಅಷ್ಟೆ.

2023ರ ಆಗಸ್ಟಿನ ನಮ್ಮ ಲೆಕ್ಕದ ಪುಸ್ತಕದಲ್ಲಿ ಮೊದಲ ಸಾಲು ಹೀಗಿದೆ: ದೊಡ್ಡ ಪಿನ್ನು, 2 ಡಜನ್, 30 ರೂಪಾಯಿ. ಮಕ್ಕಳಿಗೆ 20 ಹೋಗಿ 4 ಉಳಿದವು. ಹುಡುಗಿ ಆ ನಾಲ್ಕನ್ನೂ ಕೇಳಿ ಇಸಕೊಂಡು ಮನೆಗೆ ಹೋದಳು.